ಅದು ಏನನ್ನು ತಳ್ಳುತ್ತದೆ? ಬಸ್ಸು, ಬೋಟು, ವಿಮಾನವನ್ನು ಮಕ್ಕಳಿಗೆ ಪರಿಚಯಿಸುವ ಬಗೆ

ಉತ್ತರ ಕನ್ನಡದಲ್ಲಿ ಬೆಳೆಯುವ ಮಕ್ಕಳಿಗೆ ಒಂದು ದೊಡ್ಡ ಅನುಕೂಲ ಇದೆ. ದೇವಿಮನೆ ಘಟ್ಟ ಹತ್ತುವ ಕೆಂಪು ಬಸ್ಸು, ಬೈತಖೋಲದಿಂದ ಕಡಲಿಗೆ ಹೊರಡುವ ಟ್ರಾಲರ್ ಬೋಟು, ಲಾರಿಗಳನ್ನೇ ಬೆನ್ನ ಮೇಲೆ ಹೊತ್ತು ಓಡುವ ಕೊಂಕಣ ರೈಲು, ಅಡಿಕೆ ತೋಟದ ಮೇಲೆ ಔಷಧಿ ಹೊಡೆಯುವ ಡ್ರೋನ್, ಕಾರವಾರದ ಟಾಗೋರ್ ಕಡಲತೀರದಲ್ಲಿ ನಿಂತಿರುವ ನೌಕಾಪಡೆಯ ದೊಡ್ಡ ವಿಮಾನ. ನೆಲ, ನೀರು, ಗಾಳಿ ಮೂರರ ಯಂತ್ರಗಳೂ ಒಂದೇ ಜಿಲ್ಲೆಯಲ್ಲಿ ಕಣ್ಣಿಗೆ ಬೀಳುತ್ತವೆ.

ಆದರೆ ನಾವು ಮಕ್ಕಳಿಗೆ ಇವುಗಳನ್ನು ಬರೀ ಹೆಸರಿನಿಂದ ಪರಿಚಯಿಸುತ್ತೇವೆ. ‘ನೋಡು ಪುಟ್ಟಾ, ಬಸ್ಸು. ಅಲ್ಲಿ ನೋಡು, ವಿಮಾನ.’ ಮೂರು–ನಾಲ್ಕು ವರ್ಷದ ಮಗುವಿಗೆ ಅಷ್ಟು ಸಾಕು. ಏಳೆಂಟು ವರ್ಷಕ್ಕೆ ಬರುವಾಗ ಪ್ರಶ್ನೆ ಶುರುವಾಗುತ್ತದೆ. ‘ಅಪ್ಪಾ, ಇದು ಹೆಂಗೆ ಹೋಗ್ತದೆ?’ ನಾವು ಹೇಳುವ ಉತ್ತರ: ‘ಇಂಜಿನ್ ಇರ್ತದಲ್ಲ, ಅದಕ್ಕೇ.’

ಇದು ಉತ್ತರವೇ ಅಲ್ಲ. ಬೈಕನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ, ಸ್ಟಾರ್ಟ್ ಮಾಡಿ, ಗೇರ್ ಹಾಕಿ. ಮಗು ನಾಲ್ಕು ಹೆಜ್ಜೆ ದೂರದಲ್ಲೇ ನಿಂತಿರಲಿ, ಚೈನು, ಚಕ್ರದ ಹತ್ತಿರ ಬರುವುದು ಬೇಡ. ಇಂಜಿನ್ ಓಡುತ್ತಿದೆ. ಹಿಂದಿನ ಚಕ್ರ ಗರಗರ ತಿರುಗುತ್ತಿದೆ. ಬೈಕು ಮಾತ್ರ ನಿಂತಲ್ಲೇ ನಿಂತಿದೆ. ಇಂಜಿನ್ ಇದ್ದೂ ಅದು ಯಾಕೆ ಹೋಗುತ್ತಿಲ್ಲ? ಚಕ್ರ ನೆಲಕ್ಕೆ ತಾಗುತ್ತಿಲ್ಲ, ಅದಕ್ಕೆ ತಳ್ಳಲು ಏನೂ ಸಿಗುತ್ತಿಲ್ಲ.

ಮಕ್ಕಳಿಗೆ ಕೊಡಬೇಕಾದ ಮೊದಲ ಪ್ರಶ್ನೆ ಇದೇ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಯಾವ ವಾಹನ ಕಂಡರೂ ಕೇಳಬೇಕು: ಅದು ಏನನ್ನು ಹಿಂದಕ್ಕೆ ತಳ್ಳುತ್ತದೆ? ಹಿಂದಕ್ಕೆ ಏನನ್ನಾದರೂ ತಳ್ಳದೆ ಯಾವ ವಾಹನವೂ ತಾನಾಗಿ ಮುಂದಕ್ಕೆ ಹೊರಡುವುದಿಲ್ಲ. 1687ರಲ್ಲಿ ಐಸಾಕ್ ನ್ಯೂಟನ್ ಬರೆದಿಟ್ಟ ಮೂರನೇ ನಿಯಮ ಹೇಳುವುದು ಇದನ್ನೇ: ನಾವು ತಳ್ಳಿದ್ದು ನಮ್ಮನ್ನೂ ಅಷ್ಟೇ ಬಲದಿಂದ ಎದುರು ದಿಕ್ಕಿಗೆ ತಳ್ಳುತ್ತದೆ. ಶಾಲೆಯಲ್ಲಿ ಅದನ್ನು ಒಂದು ವಾಕ್ಯವಾಗಿ ಬಾಯಿಪಾಠ ಮಾಡಿಸುತ್ತಾರೆ. ನಮ್ಮ ರಸ್ತೆಯಲ್ಲಿ, ಬಂದರಿನಲ್ಲಿ, ಆಕಾಶದಲ್ಲಿ ಅದು ದಿನವೂ ನಡೆಯುತ್ತಿರುತ್ತದೆ.

ರಸ್ತೆಯನ್ನು ತಳ್ಳುವವರು

ಮಳೆಗಾಲದಲ್ಲಿ ಸಿರ್ಸಿ, ಸಿದ್ದಾಪುರದ ಕಡೆ ಮಣ್ಣು ರಸ್ತೆಯಲ್ಲಿ ಜೀಪು ಹೂತುಕೊಳ್ಳುವುದನ್ನು ಮಕ್ಕಳು ನೋಡಿರುತ್ತಾರೆ. ಚಕ್ರ ತಿರುಗುತ್ತದೆ, ಜೀಪು ಅಲ್ಲಾಡುವುದಿಲ್ಲ, ಕೆಸರು ಮಾತ್ರ ಹಿಂದಕ್ಕೆ ಹಾರುತ್ತದೆ. ಆ ಕೆಸರಿನತ್ತ ಮಗುವಿನ ಗಮನ ಸೆಳೆಯಿರಿ. ಚಕ್ರ ನೆಲವನ್ನು ಹಿಂದಕ್ಕೆ ತಳ್ಳುತ್ತಿದೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಗಟ್ಟಿ ರಸ್ತೆಯಾದರೆ ಅದು ಹಿಂದಕ್ಕೆ ಸರಿಯುವುದಿಲ್ಲ, ಹಾಗಾಗಿ ಜೀಪೇ ಮುಂದೆ ಹೋಗುತ್ತದೆ. ಕೆಸರು ಜಾರಿಬಿಡುತ್ತದೆ. ಚಕ್ರದ ಅಡಿಗೆ ಕಲ್ಲು, ಗೋಣಿಚೀಲ, ಸೊಪ್ಪು ಹಾಕುವುದು ತಳ್ಳಲು ಗಟ್ಟಿಯಾದದ್ದು ಸಿಗಲಿ ಅಂತ. ಟೈರಿನ ಮೇಲಿನ ಗೀರುಗಳು ಇರುವುದು ಕೂಡ ನೀರನ್ನು ಪಕ್ಕಕ್ಕೆ ಸರಿಸಿ ರಬ್ಬರಿಗೆ ರಸ್ತೆ ಸಿಗುವಂತೆ ಮಾಡುವುದಕ್ಕೆ. ಗೀರು ಸವೆದ ಟೈರು ಮಳೆಯಲ್ಲಿ ಯಾಕೆ ಅಪಾಯ ಅಂತ ಆಗ ಮಗುವಿಗೆ ತಾನಾಗಿಯೇ ಹೊಳೆಯುತ್ತದೆ.

ಇನ್ನು ಇಂಜಿನ್. ಅದರ ಕೆಲಸ ಚಕ್ರ ತಿರುಗಿಸುವುದು. ಸ್ಕೂಟರಿನ ಇಂಜಿನ್ನಿನೊಳಗೆ ಒಂದು ಗಟ್ಟಿ ಡಬ್ಬಿ ಇದೆ, ಅದು ಸಿಲಿಂಡರ್. ಅದರೊಳಗೆ ಮೇಲೆ–ಕೆಳಗೆ ಓಡಾಡುವ ಬಿರಡೆ ಪಿಸ್ಟನ್. ಅಲ್ಲಿ ನಾಲ್ಕು ಕೆಲಸ ಒಂದರ ಹಿಂದೆ ಒಂದು ನಡೆಯುತ್ತದೆ. ಗಾಳಿ ಮತ್ತು ಪೆಟ್ರೋಲನ್ನು ಒಳಗೆ ಎಳೆದುಕೋ, ಒತ್ತು, ಉರಿಸು, ಹೊಗೆ ಹೊರಹಾಕು. ಎಳೆ, ಒತ್ತು, ಉರಿಸು, ಬಿಡು. ಮಕ್ಕಳು ಇದನ್ನು ಕೈ ಆಡಿಸುತ್ತಾ ಹಾಡಿನಂತೆ ಹೇಳಬಹುದು. ನಾಲ್ಕರಲ್ಲಿ ಶಕ್ತಿ ಬರುವುದು ಮೂರನೆಯದರಲ್ಲಿ ಮಾತ್ರ. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಒಂದು ಸಿಲಿಂಡರಿನಲ್ಲಿ ಸೆಕೆಂಡಿಗೆ 25 ಸಲ ಬೆಂಕಿ ಹೊತ್ತುತ್ತದೆ. ನಮಗೆ ಕೇಳುವ ಡುರ್ ಡುರ್ ಸದ್ದು ಅದರದ್ದೇ.

ಪೆಟ್ರೋಲ್ ಇಂಜಿನ್ನಿನಲ್ಲಿ ಕಿಡಿ ಹಚ್ಚುವ ಪ್ಲಗ್ ಇರುತ್ತದೆ. ಬಸ್ಸಿನ, ಬೋಟಿನ ಡೀಸೆಲ್ ಇಂಜಿನ್ನಿನಲ್ಲಿ ಅದು ಇಲ್ಲ. ಮತ್ತೆ ಬೆಂಕಿ ಹೇಗೆ? ಸೈಕಲ್ಲಿಗೆ ಗಾಳಿ ಹೊಡೆದ ಕೂಡಲೇ ಪಂಪಿನ ಕೆಳತುದಿ ಮುಟ್ಟಲು ಹೇಳಿ. ಬಿಸಿ ಇರುತ್ತದೆ. ಗಾಳಿಯನ್ನು ಜೋರಾಗಿ ಒತ್ತಿದರೆ ಅದು ಬಿಸಿಯಾಗುತ್ತದೆ. ಡೀಸೆಲ್ ಇಂಜಿನ್ ಗಾಳಿಯನ್ನು ಎಷ್ಟು ಒತ್ತುತ್ತದೆ ಅಂದರೆ ಒಳಗೆ ಚಿಮ್ಮಿದ ಡೀಸೆಲ್ ಕಿಡಿ ಇಲ್ಲದೆಯೇ ಹೊತ್ತಿಕೊಳ್ಳುತ್ತದೆ. ಅಷ್ಟು ಒತ್ತಡ ತಡೆಯಲು ದಪ್ಪ ಕಬ್ಬಿಣ ಬೇಕು. ಡೀಸೆಲ್ ಇಂಜಿನ್ ಭಾರವಾಗಿರುವುದಕ್ಕೆ ಅದೇ ಕಾರಣ.

ಗೇರಿನ ಪಾಠಕ್ಕೆ ನಮ್ಮ ಘಟ್ಟಗಳಿಗಿಂತ ಒಳ್ಳೆಯ ಜಾಗ ಇಲ್ಲ. ಕುಮಟಾ ಹತ್ತಿರಹತ್ತಿರ ಕಡಲ ಮಟ್ಟದಲ್ಲಿದೆ, ಸಿರ್ಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಜನ ತುಂಬಿದ ಬಸ್ಸು ಅಷ್ಟು ಮೇಲೇರಬೇಕು. ಏರು ಬಂದ ಕೂಡಲೇ ಇಂಜಿನ್ನಿನ ಶಕ್ತಿಯೇನೂ ಜಾಸ್ತಿ ಆಗುವುದಿಲ್ಲ. ಡ್ರೈವರ್ ಸಣ್ಣ ಗೇರಿಗೆ ಹಾಕಿದಾಗ ಇಂಜಿನ್ ಜಾಸ್ತಿ ಸುತ್ತು ಹಾಕುತ್ತದೆ, ಚಕ್ರ ಕಡಿಮೆ ಸುತ್ತು ಹಾಕುತ್ತದೆ. ವೇಗ ಕಳೆದುಕೊಂಡು ಚಕ್ರ ಬಲ ಪಡೆಯುತ್ತದೆ. ಗೇರ್ ಇರುವ ಸೈಕಲ್ ಮನೆಯಲ್ಲಿದ್ದರೆ ಏರಿನಲ್ಲಿ ಮಗುವೇ ಇದನ್ನು ಕಾಲಿನಲ್ಲಿ ಅನುಭವಿಸಬಹುದು.

ಇಳಿಯುವಾಗಲೂ ಡ್ರೈವರ್ ಸಣ್ಣ ಗೇರನ್ನೇ ಬಳಸುತ್ತಾರೆ. ಇದು ಎಷ್ಟೋ ದೊಡ್ಡವರಿಗೂ ಗೊತ್ತಿಲ್ಲ. ಘಟ್ಟದುದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಸಣ್ಣ ಗೇರಿನಲ್ಲಿದ್ದರೆ ಚಕ್ರವೇ ಇಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಆ ಶ್ರಮದಲ್ಲಿ ವೇಗ ತಗ್ಗುತ್ತದೆ. ಬಸ್ಸು ನಿಲ್ಲುವಾಗ, ಹೊರಡುವಾಗ ಕೇಳುವ ‘ಉಸ್ಸ್’ ಸದ್ದಿನ ಬಗ್ಗೆ ಮಕ್ಕಳು ತಪ್ಪದೆ ಕೇಳುತ್ತಾರೆ. ಬಸ್ಸಿನ ಬ್ರೇಕ್ ಒತ್ತುವುದು ಒತ್ತಿಟ್ಟ ಗಾಳಿಯಿಂದ. ಕೆಲಸ ಮುಗಿದ ಗಾಳಿ ಹೊರಗೆ ಹೋಗುವ ಸದ್ದು ಅದು.

ಮೋಟಾರು ಗಾಡಿಯ ಚರಿತ್ರೆಯಲ್ಲಿ ಮಕ್ಕಳಿಗೆ ಹೇಳಲೇಬೇಕಾದ ಘಟನೆಯೂ ಏರಿಗೆ ಸಂಬಂಧಪಟ್ಟದ್ದೇ. ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ತನ್ನ ಮೂರು ಚಕ್ರದ ಗಾಡಿಗೆ ಪೇಟೆಂಟ್ ಪಡೆದರು. ಆದರೆ ಜನ ಅದನ್ನು ನಂಬಲಿಲ್ಲ. 1888ರ ಆಗಸ್ಟ್‌ನಲ್ಲಿ ಅವರ ಹೆಂಡತಿ ಬೆರ್ತಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡನಿಗೆ ಹೇಳದೆ, ಮಾನ್‌ಹೈಮ್‌ನಿಂದ ಫೋರ್ಜ್‌ಹೈಮ್‌ನ ತವರುಮನೆಗೆ ಹೊರಟರು. ದೂರ ನೂರು ಕಿಲೋಮೀಟರಿಗೂ ಜಾಸ್ತಿ. ಯೂಜೆನ್‌ಗೆ 15 ವರ್ಷ, ರಿಚರ್ಡ್‌ಗೆ 13. ಪೆಟ್ರೋಲ್ ಬಂಕು ಅನ್ನುವುದೇ ಇಲ್ಲದ ಕಾಲ. ಬೆರ್ತಾ ಔಷಧಿ ಅಂಗಡಿಯಲ್ಲಿ ಇಂಧನ ಕೊಂಡರು. ಇಳಿಜಾರಿನಲ್ಲಿ ಬ್ರೇಕ್ ಸವೆದಾಗ ಚಮ್ಮಾರನಿಂದ ಚರ್ಮ ಹೊಡೆಸಿದರು. ಏರು ಬಂದಲ್ಲಿ ಹುಡುಗರಿಬ್ಬರೂ ಇಳಿದು ಗಾಡಿ ದೂಡಿದರು. ಊರಿಗೆ ಮರಳಿದ ಮೇಲೆ ಬೆರ್ತಾ ಹೇಳಿದ ಸಲಹೆಯಂತೆ ಗಾಡಿಗೆ ಏರು ಹತ್ತುವ ಇನ್ನೊಂದು ಸಣ್ಣ ಗೇರ್ ಬಂತು. ಕಾರಿನ ಮೊದಲ ದೂರಪ್ರಯಾಣದಲ್ಲಿ ಮಕ್ಕಳು ಬರೀ ಪ್ರಯಾಣಿಕರಾಗಿರಲಿಲ್ಲ ಅನ್ನುವುದನ್ನು ಹೇಳಿದಾಗ ಕೇಳುವ ಮಗುವಿನ ಮುಖ ನೋಡಬೇಕು.

ಒಂದು ಕಾಳಜಿಯ ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಹೆಚ್ಚಿನ ಮಕ್ಕಳಿಗೆ ಮೋಟಾರು ಗಾಡಿಯ ಮೊದಲ ಪರಿಚಯ ಆಗುವುದು ಸ್ಕೂಟರಿನ ಮುಂದೆ ನಿಂತು. ಸ್ಕೂಟರ್ ಫಕ್ಕನೆ ನಿಂತರೆ ಮಗುವಿನ ಮೈ ಮಾತ್ರ ಅದೇ ವೇಗದಲ್ಲಿ ಮುಂದೆ ಹೋಗುತ್ತದೆ, ಏಕೆಂದರೆ ಬ್ರೇಕ್ ಹಿಡಿದದ್ದು ಚಕ್ರವನ್ನು, ಮಗುವನ್ನಲ್ಲ. 2023ರ ಫೆಬ್ರವರಿಯಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ನಾಲ್ಕು ವರ್ಷದೊಳಗಿನ ಮಗುವನ್ನು ಕೂರಿಸಿಕೊಂಡರೆ ಮಗುವನ್ನು ಸವಾರನ ಮೈಗೆ ಸೇರಿಸಿ ಕಟ್ಟುವ ಬೆಲ್ಟು ಬೇಕು, ಒಂಬತ್ತು ತಿಂಗಳು ದಾಟಿದ ಮಗುವಿಗೆ ಅದರ ತಲೆಗೆ ಸರಿಹೊಂದುವ ಹೆಲ್ಮೆಟ್ ಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು. ದಯವಿಟ್ಟು ಪಾಲಿಸಿ.

ರೈಲಿನ ಮೇಲೆ ಲಾರಿ ಯಾಕೆ?

ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗಿ ತೆರೆಯಿತು. ಮರುವರ್ಷದಿಂದಲೇ ಲಾರಿಗಳನ್ನು ಸರಕಿನ ಸಮೇತ ರೈಲಿನ ಮೇಲೆ ಹತ್ತಿಸಿ ಒಯ್ಯುವ ರೋ-ರೋ ಸೇವೆ ಶುರುವಾಯಿತು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಮಕ್ಕಳಿಗೆ ಇದು ಮಾಮೂಲಿ ನೋಟ. ಲಾರಿಗೆ ಚಕ್ರ ಇದ್ದೂ ಅದು ಯಾಕೆ ಕೂತು ಹೋಗುತ್ತದೆ?

ರಬ್ಬರ್ ಟೈರು ರಸ್ತೆಯ ಮೇಲೆ ಉರುಳುವಾಗ ಪ್ರತಿ ಸುತ್ತಿಗೂ ಸ್ವಲ್ಪ ಚಪ್ಪಟೆಯಾಗಿ ಮತ್ತೆ ಉಬ್ಬುತ್ತದೆ. ಅದರಲ್ಲಿ ಶಕ್ತಿ ಹಾಳಾಗುತ್ತದೆ. ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ಉರುಳುವಾಗ ಹಾಗೆ ಆಗುವುದು ತೀರಾ ಕಡಿಮೆ. ಹಾಗಾಗಿ ಅಷ್ಟೇ ಭಾರವನ್ನು ಕಡಿಮೆ ಇಂಧನದಲ್ಲಿ ಸಾಗಿಸಬಹುದು. ಆದರೆ ಅದೇ ನುಣುಪು ರೈಲಿಗೆ ಕಷ್ಟವೂ ಹೌದು. ಮಳೆಯಲ್ಲಿ ಇಂಜಿನ್ನಿನ ಚಕ್ರ ಹಳಿಯ ಮೇಲೆ ಜಾರಬಹುದು, ತಳ್ಳಲು ಹಿಡಿತ ಸಿಗುವುದಿಲ್ಲ. ಅದಕ್ಕೆ ರೈಲು ಇಂಜಿನ್ ತನ್ನ ಜೊತೆ ಒಣ ಮರಳು ಒಯ್ಯುತ್ತದೆ, ಬೇಕಾದಾಗ ಚಕ್ರದ ಮುಂದೆ ಉದುರಿಸುತ್ತದೆ. ಹೂತ ಜೀಪಿನ ಅಡಿಗೆ ಕಲ್ಲು ಹಾಕಿದ್ದೂ ಇದಕ್ಕೇ ಅಂತ ಮಗು ತಾನೇ ಹೇಳಬೇಕು. ನೀವು ಹೇಳಬೇಡಿ, ಕಾಯಿರಿ.

2022ರ ಹೊತ್ತಿಗೆ ಈ ಮಾರ್ಗವೆಲ್ಲ ವಿದ್ಯುತ್ತಿಗೆ ಬದಲಾಯಿತು. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ. ಹಳಿಯ ಹತ್ತಿರ ಗಾಳಿಪಟ ಹಾರಿಸಬಾರದು ಅನ್ನುವುದಕ್ಕೆ ಇದೊಂದು ಕಾರಣ ಸಾಕು.

ನೀರನ್ನು ತಳ್ಳುವವರು

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ದಿನಗಳಲ್ಲಿ ದಡಕ್ಕೆ ಎಳೆದಿಟ್ಟ ಬೋಟುಗಳನ್ನು ಮಕ್ಕಳಿಗೆ ತೋರಿಸಿ. ಉಳಿದ ಕಾಲದಲ್ಲಿ ನೀರಿನೊಳಗೆ ಅಡಗಿರುವ ಫ್ಯಾನು ಆಗ ಕಾಣುತ್ತದೆ. ಬಂದರಿನಲ್ಲಿ ಎಲ್ಲರೂ ಅದನ್ನು ಫ್ಯಾನ್ ಅಂತಲೇ ಕರೆಯುತ್ತಾರೆ, ಪುಸ್ತಕದಲ್ಲಿ ಪ್ರೊಪೆಲ್ಲರ್.

ಅದರ ಎಲೆಗಳನ್ನು ಸರಿಯಾಗಿ ನೋಡಿ. ಚಪ್ಪಟೆಯಾಗಿಲ್ಲ, ತಿರುಚಿಕೊಂಡಿವೆ. ಮರಕ್ಕೆ ಸ್ಕ್ರೂ ತಿರುಗಿಸುತ್ತಾ ಹೋದರೆ ಅದು ಒಳಗೆ ನುಗ್ಗುವ ಹಾಗೆ ಫ್ಯಾನು ನೀರಿನಲ್ಲಿ ನುಗ್ಗುತ್ತದೆ. ಆದರೆ ಮರ ಗಟ್ಟಿ, ನೀರು ಸರಿಯುತ್ತದೆ. ಹಾಗಾಗಿ ನೀರು ರಭಸದಿಂದ ಹಿಂದಕ್ಕೆ ಹೋಗುತ್ತದೆ, ಬೋಟು ಮುಂದಕ್ಕೆ. ಬೋಟಿನ ಹಿಂದೆ ಕಾಣುವ ಬಿಳಿ ನೊರೆಯ ದಾರಿ ಆ ತಳ್ಳಿದ ನೀರಿನದ್ದು. ಇನ್ನೊಂದು ಸೂಕ್ಷ್ಮ: ಎಲೆಯ ಬುಡದಲ್ಲಿ ತಿರುಚು ಜಾಸ್ತಿ, ತುದಿಯಲ್ಲಿ ಕಡಿಮೆ. ಒಂದೇ ಸುತ್ತಿನಲ್ಲಿ ತುದಿ ದೊಡ್ಡ ವೃತ್ತ ಸುತ್ತುತ್ತದೆ, ಬುಡ ಸಣ್ಣ ವೃತ್ತ. ಇಬ್ಬರೂ ಸಮನಾಗಿ ಮುಂದೆ ಸಾಗಬೇಕಾದರೆ ಜಾಸ್ತಿ ದೂರ ಸುತ್ತುವ ತುದಿಗೆ ಕಡಿಮೆ ಓರೆ ಸಾಕು.

ಉಕ್ಕಿನ ಹಡಗು ತೇಲುವುದು ಹೇಗೆ ಅಂತ ಒಂದು ಪ್ರಶ್ನೆ ಬಂದೇ ಬರುತ್ತದೆ. ಊಟ ಕಟ್ಟುವ ಅಲ್ಯುಮಿನಿಯಂ ಹಾಳೆಯನ್ನು ಗಟ್ಟಿಯಾಗಿ ಉಂಡೆ ಮಾಡಿ, ತಟ್ಟಿ ಒಳಗಿನ ಗಾಳಿಯೆಲ್ಲ ಹೋಗುವಂತೆ ಮಾಡಿದರೆ ಮುಳುಗುತ್ತದೆ. ಅದೇ ಹಾಳೆಯನ್ನು ಬಟ್ಟಲಿನಂತೆ ಮಡಿಚಿದರೆ ತೇಲುತ್ತದೆ. ಬಟ್ಟಲು ಜಾಸ್ತಿ ನೀರನ್ನು ಸರಿಸುತ್ತದೆ. ಸರಿಸಿದ ನೀರಿನ ತೂಕ ತನ್ನ ತೂಕಕ್ಕೆ ಸಮವಾಗುವವರೆಗೆ ಮಾತ್ರ ಹಡಗು ಕೆಳಗಿಳಿಯುತ್ತದೆ. ಕಾರವಾರದ ನೌಕಾನೆಲೆಯಲ್ಲಿರುವ, ಯುದ್ಧವಿಮಾನಗಳನ್ನು ಹೊತ್ತೊಯ್ಯುವ ಹಡಗು ಐಎನ್‌ಎಸ್ ವಿಕ್ರಮಾದಿತ್ಯದ ತೂಕ ಸುಮಾರು 44,500 ಟನ್ ಅನ್ನುತ್ತಾರಲ್ಲ, ಅಂದರೆ ಅದು ಅಷ್ಟು ಟನ್ ನೀರನ್ನು ಪಕ್ಕಕ್ಕೆ ಸರಿಸಿ ನಿಂತಿದೆ.

ಎರಡು ವರ್ಷಕ್ಕೊಮ್ಮೆ ನಡೆಯುವ ಸಿರ್ಸಿ ಮಾರಿಕಾಂಬಾ ಜಾತ್ರೆಯಂಥ ಕಡೆ ಆಟಿಕೆ ಕೊಳ್ಳುವಾಗ ರಿಮೋಟ್ ಕಾರಿಗೆ ಮಕ್ಕಳು ಹಟ ಮಾಡುತ್ತಾರೆ. ಅದರಲ್ಲಿ ಕಲಿಯಲು ಏನೂ ಕಾಣುವುದಿಲ್ಲ, ಎಲ್ಲ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿರುತ್ತದೆ. ತಗಡಿನ ಟಪಟಪ ಬೋಟು ಸಿಕ್ಕರೆ ಬಿಡಬೇಡಿ. ಅದಕ್ಕೆ ಗೇರಿಲ್ಲ, ಫ್ಯಾನಿಲ್ಲ, ಚಕ್ರವಿಲ್ಲ. ಒಳಗೊಂದು ಪುಟ್ಟ ತೊಟ್ಟಿ, ಅದರಿಂದ ಹಿಂದಕ್ಕೆ ಎರಡು ಕೊಳವೆ. ನೀರು ತುಂಬಿ ಕೆಳಗೆ ದೀಪ ಹಚ್ಚಿದರೆ ನೀರು ಆವಿಯಾಗಿ ಕೊಳವೆಯ ನೀರನ್ನು ಹಿಂದಕ್ಕೆ ಚಿಮ್ಮುತ್ತದೆ. ಆವಿ ತಣಿದ ಕೂಡಲೇ ನೀರು ಮತ್ತೆ ಒಳಗೆ ಬರುತ್ತದೆ. ಇಲ್ಲಿ ಚೂಟಿ ಮಗು ಕೇಳುತ್ತದೆ: ಹೊರಗೆ ಚಿಮ್ಮಿದಾಗ ಮುಂದೆ ಹೋದರೆ, ಒಳಗೆ ಎಳೆದಾಗ ಹಿಂದೆ ಬರಬೇಕಲ್ವಾ? ಒಳ್ಳೆಯ ಪ್ರಶ್ನೆ. ಚಿಮ್ಮುವ ನೀರು ನೇರವಾಗಿ ಹಿಂದಕ್ಕೆ ಒಂದೇ ಧಾರೆಯಾಗಿ ಹೋಗುತ್ತದೆ. ಒಳಬರುವ ನೀರು ಕೊಳವೆಯ ಬಾಯಿಯ ಸುತ್ತ ಎಲ್ಲ ದಿಕ್ಕಿನಿಂದಲೂ ಬರುತ್ತದೆ. ಹಾಗಾಗಿ ಹಿಂದಕ್ಕೆಳೆಯುವ ಬಲ ತೀರಾ ಕಡಿಮೆ.

ಗಾಳಿಯನ್ನು ತಳ್ಳುವವರು

ಹಾರಾಟದ ವಿಷಯಕ್ಕೆ ಬಂದಾಗ ಪಠ್ಯದಲ್ಲೂ ವೀಡಿಯೊಗಳಲ್ಲೂ ಒಂದು ತಪ್ಪು ವಿವರಣೆ ಓಡಾಡುತ್ತಿದೆ. ರೆಕ್ಕೆಯ ಮೇಲ್ಭಾಗ ಉಬ್ಬಿರುತ್ತದೆ, ಮೇಲಿನ ಗಾಳಿ ಜಾಸ್ತಿ ದೂರ ಹೋಗಬೇಕು, ಕೆಳಗಿನ ಗಾಳಿಯ ಜೊತೆ ಒಟ್ಟಿಗೇ ಹಿಂತುದಿ ತಲುಪಬೇಕಾದ್ದರಿಂದ ವೇಗವಾಗಿ ಓಡುತ್ತದೆ, ಅದರಿಂದ ಒತ್ತಡ ಕಡಿಮೆಯಾಗುತ್ತದೆ ಅಂತ. ಮೇಲಿನ ಗಾಳಿ ವೇಗವಾಗಿ ಹೋಗುವುದು ನಿಜ, ಅಲ್ಲಿ ಒತ್ತಡ ಕಡಿಮೆ ಇರುವುದೂ ನಿಜ. ಆದರೆ ಎರಡೂ ಗಾಳಿ ಒಟ್ಟಿಗೆ ತಲುಪಬೇಕು ಅನ್ನುವ ನಿಯಮ ಎಲ್ಲೂ ಇಲ್ಲ. ಹೊಗೆ ಬಿಟ್ಟು ಪರೀಕ್ಷೆ ಮಾಡಿದರೆ ಮೇಲಿನ ಗಾಳಿ ಮೊದಲೇ ಹಿಂತುದಿ ತಲುಪುವುದು ಕಾಣುತ್ತದೆ. ಆ ವಿವರಣೆಯೇ ನಿಜವಾಗಿದ್ದರೆ ವಿಮಾನಗಳು ತಲೆಕೆಳಗಾಗಿ ಹಾರಲು ಆಗುತ್ತಲೇ ಇರಲಿಲ್ಲ. ಮಕ್ಕಳಿಗೆ ಸುಲಭ ಮಾಡಲು ಹೋಗಿ ಸುಳ್ಳು ಹೇಳುವುದು ಬೇಡ.

ನಮ್ಮ ಪ್ರಶ್ನೆಯನ್ನೇ ಕೇಳೋಣ. ರೆಕ್ಕೆ ಏನನ್ನು ತಳ್ಳುತ್ತದೆ? ಗಾಳಿಯನ್ನು, ಕೆಳಕ್ಕೆ. ರೆಕ್ಕೆಯ ಮುಂಭಾಗ ಸ್ವಲ್ಪ ಮೇಲೆದ್ದಿರುತ್ತದೆ. ಕೆಳಗೆ ಬಡಿದ ಗಾಳಿ ಕೆಳಕ್ಕೆ ತಿರುಗುತ್ತದೆ. ಮೇಲೆ ಹರಿಯುವ ಗಾಳಿ ರೆಕ್ಕೆಯ ಬಾಗಿಗೆ ಅಂಟಿಕೊಂಡು ಅದೂ ಕೆಳಕ್ಕೆ ತಿರುಗುತ್ತದೆ. ಅಷ್ಟು ಗಾಳಿಯನ್ನು ಕೆಳಕ್ಕೆ ದೂಡಿದ ರೆಕ್ಕೆ ತಾನು ಮೇಲೇರುತ್ತದೆ. ಅಂಟಿಕೊಂಡು ತಿರುಗುವುದು ಅಂದರೇನು ಅಂತ ಅಡುಗೆಮನೆಯಲ್ಲೇ ತೋರಿಸಬಹುದು. ನಲ್ಲಿಯ ಸಣ್ಣ ಧಾರೆಗೆ ಚಮಚದ ಉಬ್ಬಿದ ಬೆನ್ನನ್ನು ಮೆಲ್ಲಗೆ ತಾಗಿಸಿ, ಹಿಡಿಯನ್ನು ಸಡಿಲವಾಗಿ ಹಿಡಿಯಿರಿ. ನೀರು ಚಮಚದ ಬಾಗಿನುದ್ದಕ್ಕೂ ಹರಿದು ಒಂದು ಪಕ್ಕಕ್ಕೆ ತಿರುಗುತ್ತದೆ. ಚಮಚ ಇನ್ನೊಂದು ಪಕ್ಕಕ್ಕೆ, ಧಾರೆಯೊಳಗೇ, ಸೆಳೆಯಲ್ಪಡುತ್ತದೆ. ಮಗು ಕೈಯಲ್ಲೇ ಅದನ್ನು ತಿಳಿಯುತ್ತದೆ.

ಅಡಿಕೆ ತೋಟ ಇರುವವರಿಗೆ ಇನ್ನೂ ಒಳ್ಳೆಯ ಗುರು ಇದ್ದಾನೆ. ಹಾರುವ ಓತಿ. ಪಕ್ಕೆಲುಬುಗಳನ್ನು ಅಗಲಿಸಿ ಅದಕ್ಕಂಟಿದ ಚರ್ಮವನ್ನು ರೆಕ್ಕೆ ಮಾಡಿಕೊಂಡು ಒಂದು ಮರದಿಂದ ಇನ್ನೊಂದಕ್ಕೆ ತೇಲುತ್ತದೆ. ಅದು ಯಾವಾಗಲೂ ಎತ್ತರದಿಂದ ಹೊರಟು ತಗ್ಗಿನಲ್ಲಿ ಇಳಿಯುತ್ತದೆ, ಮತ್ತೆ ಮರ ಹತ್ತುತ್ತದೆ. ರೆಕ್ಕೆ ಒಂದಿದ್ದರೆ ಇಷ್ಟು ಸಾಧ್ಯ. ಬಂದರಿನ ಮೇಲೆ ಸುತ್ತುವ ಗರುಡ ರೆಕ್ಕೆ ಬಡಿಯದೆ ಮೇಲೇರುವುದು ಬಿಸಿಯಾಗಿ ಮೇಲೇಳುವ ಗಾಳಿಯನ್ನು ಹುಡುಕಿಕೊಂಡು. ಮರ ಹತ್ತಲಾಗದ, ಬಿಸಿಗಾಳಿಗೆ ಕಾಯಲಾಗದ ವಿಮಾನಕ್ಕೆ ಇಂಜಿನ್ ಬೇಕು. ಅದು ವಿಮಾನವನ್ನು ಮುಂದಕ್ಕೆ ಓಡಿಸುತ್ತದೆ, ಎತ್ತುವುದು ರೆಕ್ಕೆ. ಈ ಎರಡು ಕೆಲಸವನ್ನು ಬೇರೆಬೇರೆಯಾಗಿ ಅರ್ಥ ಮಾಡಿಸಿದರೆ ಅರ್ಧ ವಿಮಾನಶಾಸ್ತ್ರ ಹೇಳಿಕೊಟ್ಟಂತೆ.

ರೈಟ್ ಸಹೋದರರು ಹಾಗೆಯೇ ಕಲಿತರು. 1878ರಲ್ಲಿ ಅವರ ತಂದೆ ಮನೆಗೊಂದು ಆಟಿಕೆ ತಂದರು. ಬಿದಿರು, ಬೆಂಡು, ಕಾಗದದಿಂದ ಮಾಡಿದ, ರಬ್ಬರ್ ತಿರುಚಿ ಬಿಟ್ಟರೆ ಮೇಲೆ ಹಾರುವ ಹೆಲಿಕಾಪ್ಟರ್. ಫ್ರಾನ್ಸಿನ ಅಲ್ಫೋನ್ಸ್ ಪೆನೋ ರೂಪಿಸಿದ ಮಾದರಿ ಅದು. ವಿಲ್ಬರ್‌ಗೆ ಆಗ 11 ವರ್ಷ, ಆರ್ವಿಲ್‌ಗೆ 7. ಆಟಿಕೆ ಮುರಿದ ಮೇಲೆ ತಾವೇ ಮಾಡಿದರು. ದೊಡ್ಡದು ಮಾಡಿದಷ್ಟೂ ಅದು ಕಡಿಮೆ ಹಾರಿತು. ಯಾಕೆ ಅಂತ ಅವರಿಗೆ ಆಗ ತಿಳಿಯಲಿಲ್ಲ.

ಕಾರಣವನ್ನು ಬೆಂಕಿಪೊಟ್ಟಣಗಳಿಂದ ತೋರಿಸಬಹುದು. ಒಂದು ಪೊಟ್ಟಣವನ್ನು ಉದ್ದ, ಅಗಲ, ದಪ್ಪ ಮೂರರಲ್ಲೂ ಎರಡು ಪಟ್ಟು ಮಾಡಬೇಕಾದರೆ ಎಂಟು ಪೊಟ್ಟಣ ಬೇಕು. ಮೇಲ್ಮೈ ಮಾತ್ರ ನಾಲ್ಕು ಪಟ್ಟು ಆಗುತ್ತದೆ. ಅಂದರೆ ತೂಕ ಎಂಟು ಪಟ್ಟು, ರೆಕ್ಕೆ ನಾಲ್ಕೇ ಪಟ್ಟು. ಇರುವೆ ಎತ್ತರದಿಂದ ಬಿದ್ದರೂ ಯಾಕೆ ಸಾಯುವುದಿಲ್ಲ, ಆನೆಯ ಕಾಲು ಯಾಕೆ ಅಷ್ಟು ದಪ್ಪ ಅನ್ನುವುದೂ ಇದೇ ಲೆಕ್ಕ. ಹಾಗಾಗಿ ದೊಡ್ಡ ಯಂತ್ರಕ್ಕೆ ತೂಕಕ್ಕೆ ತಕ್ಕ ಬಲದ ಇಂಜಿನ್ ಬೇಕೇ ಬೇಕು. 1903ರ ಡಿಸೆಂಬರ್ 17ರಂದು ಹಾರಿದ ಅವರ ವಿಮಾನದ ಇಂಜಿನ್ ಸುಮಾರು 12 ಅಶ್ವಶಕ್ತಿಯದ್ದು, ಇವತ್ತಿನ 150 ಸಿಸಿ ಬೈಕಿನಷ್ಟು. ಮೊದಲ ಹಾರಾಟ 12 ಸೆಕೆಂಡು, 120 ಅಡಿ. ಅಂದು ಕೊನೆಗೆ ಹಾರಿದ್ದು 59 ಸೆಕೆಂಡು, 852 ಅಡಿ.

ಟಾಗೋರ್ ಕಡಲತೀರದ ಟುಪೊಲೆವ್

ಜಿಲ್ಲೆಯಲ್ಲಿ ನಾಗರಿಕ ವಿಮಾನ ನಿಲ್ದಾಣ ಇಲ್ಲದಿದ್ದರೂ ವಿಮಾನವನ್ನು ಹತ್ತಿರದಿಂದ ನೋಡಲು ಕಾರವಾರದಲ್ಲಿ ಅವಕಾಶ ಇದೆ. ಕ್ಷಿಪಣಿ ದೋಣಿ ಐಎನ್‌ಎಸ್ ಚಾಪಲ್ ಪಕ್ಕದಲ್ಲಿ ಟುಪೊಲೆವ್ ಟಿಯು-142 ನಿಂತಿದೆ. ಕಡಲ ಮೇಲೆ ಗಂಟೆಗಟ್ಟಲೆ ಹಾರಿ ಜಲಾಂತರ್ಗಾಮಿಗಳನ್ನು ಹುಡುಕುತ್ತಿದ್ದ ಈ ಬಗೆಯ ವಿಮಾನಗಳು 1988ರಿಂದ 2017ರವರೆಗೆ ನಮ್ಮ ನೌಕಾಪಡೆಯಲ್ಲಿದ್ದವು. ತಮಿಳುನಾಡಿನ ಅರಕ್ಕೋಣಂನಿಂದ ಭಾಗಭಾಗವಾಗಿ ರಸ್ತೆಯಲ್ಲಿ ಬಂದು ಇಲ್ಲಿ ಮತ್ತೆ ಜೋಡಣೆಯಾಯಿತು. ರೆಕ್ಕೆಯ ಒಂದು ತುದಿಯಿಂದ ಇನ್ನೊಂದಕ್ಕೆ ಸುಮಾರು 50 ಮೀಟರ್.

ಅಲ್ಲಿಗೆ ಹೋದರೆ ಫಲಕ ಓದಿಸುವ ಮೊದಲು ಮಗುವನ್ನು ಇಂಜಿನ್ನಿನ ಮುಂದೆ ನಿಲ್ಲಿಸಿ. ಪ್ರತಿ ಇಂಜಿನ್ನಿಗೂ ಒಂದರ ಹಿಂದೆ ಒಂದು ಎರಡು ಫ್ಯಾನು, ಒಂದೊಂದಕ್ಕೆ ನಾಲ್ಕು ಎಲೆ. ಬೋಟಿನ ಫ್ಯಾನಿನಲ್ಲಿ ನೋಡಿದ ತಿರುಚು ಇಲ್ಲೂ ಇದೆಯಾ ಅಂತ ಹುಡುಕಲಿ. ಇದೆ. ಫ್ಯಾನಿನ ಅಡ್ಡಳತೆ 5.6 ಮೀಟರ್, ಅಂದರೆ ಒಂದು ಸುತ್ತಿಗೆ ಎಲೆಯ ತುದಿ 17 ಮೀಟರಿಗೂ ಜಾಸ್ತಿ ದೂರ ಹೋಗುತ್ತದೆ. ಈಗ ಮುಂದಿನ ಎಲೆಯ ಓರೆ ಯಾವ ಕಡೆಗೆ, ಹಿಂದಿನದ್ದು ಯಾವ ಕಡೆಗೆ ಅಂತ ಕೇಳಿ. ಎರಡೂ ಎದುರುಬದುರು. ಏಕೆಂದರೆ ಅವು ಎದುರು ದಿಕ್ಕಿಗೆ ತಿರುಗುತ್ತವೆ.

ಮುಂದಿನ ಫ್ಯಾನು ಗಾಳಿಯನ್ನು ಹಿಂದಕ್ಕೆ ತಳ್ಳುವಾಗ ಅದನ್ನು ಸುಳಿಯಂತೆ ತಿರುಗಿಸಿಯೂ ಬಿಡುತ್ತದೆ. ಆ ತಿರುಗುವಿಕೆಯಲ್ಲಿ ಶಕ್ತಿ ಹಾಳು. ಎದುರು ದಿಕ್ಕಿಗೆ ತಿರುಗುವ ಹಿಂದಿನ ಫ್ಯಾನು ಸುಳಿಯನ್ನು ಬಿಡಿಸಿ ಗಾಳಿಯನ್ನು ನೇರವಾಗಿ ಹಿಂದಕ್ಕೆ ಕಳಿಸುತ್ತದೆ. ಇಷ್ಟು ದೊಡ್ಡ ಫ್ಯಾನನ್ನು ತಿರುಗಿಸುವ ಒಂದೊಂದು ಇಂಜಿನ್ನಿನ ಶಕ್ತಿ ಸುಮಾರು 15,000 ಅಶ್ವಶಕ್ತಿ. ಒಳಗಿರುವುದು ಪಿಸ್ಟನ್ ಅಲ್ಲ, ಟರ್ಬೈನ್, ಅಂದರೆ ಬಿಸಿ ಗಾಳಿಯ ರಭಸಕ್ಕೆ ತಿರುಗುವ ಎಲೆಗಳ ಚಕ್ರ. ಸ್ಕೂಟರಿನಲ್ಲಿ ಕಲಿತ ನಾಲ್ಕು ಕೆಲಸ, ಎಳೆ, ಒತ್ತು, ಉರಿಸು, ಬಿಡು, ಇಲ್ಲೂ ಅವೇ. ಸ್ಕೂಟರಿನಲ್ಲಿ ಒಂದೇ ಡಬ್ಬಿಯಲ್ಲಿ ಸರದಿಯಂತೆ ನಡೆಯುತ್ತವೆ. ಇಲ್ಲಿ ಉದ್ದನೆಯ ಕೊಳವೆಯ ನಾಲ್ಕು ಭಾಗಗಳಲ್ಲಿ ನಾಲ್ಕೂ ಏಕಕಾಲಕ್ಕೆ ನಡೆಯುತ್ತಿರುತ್ತವೆ. ಜೆಟ್ ಇಂಜಿನ್ನೂ ಹೀಗೇ, ಅದರಲ್ಲಿ ಬಿಸಿ ಗಾಳಿಯನ್ನೇ ಹಿಂದಕ್ಕೆ ಎಸೆಯುತ್ತಾರೆ.

ವಿಕ್ರಮಾದಿತ್ಯದ ಮೇಲಿಂದ ಮಿಗ್-29ಕೆ ಯುದ್ಧವಿಮಾನ ಹಾರುವ ವಿಷಯವೂ ಮಕ್ಕಳಿಗೆ ತುಂಬಾ ಇಷ್ಟ. ಓಡಲು ಜಾಗ ಕಡಿಮೆ. ಅದಕ್ಕೆ ಹಡಗಿನ ಮುಂತುದಿ ಸುಮಾರು 14 ಡಿಗ್ರಿ ಮೇಲಕ್ಕೆ ಬಾಗಿದೆ. ಆ ಬಾಗು ವಿಮಾನವನ್ನು ಮೇಲ್ಮುಖವಾಗಿ ಎಸೆಯುತ್ತದೆ, ಕೆಳಗಿಳಿಯುವ ಮೊದಲೇ ರೆಕ್ಕೆಗೆ ಬೇಕಾದ ವೇಗ ಸಿಕ್ಕಿರುತ್ತದೆ. ಜೊತೆಗೆ ಹಡಗು ಗಾಳಿಗೆ ಎದುರಾಗಿ ಓಡುತ್ತದೆ. ರೆಕ್ಕೆಗೆ ಬೇಕಾದ್ದು ನೆಲದ ಮೇಲಿನ ವೇಗವಲ್ಲ, ಗಾಳಿಯ ಎದುರಿನ ವೇಗ. ಕಡಲತೀರದಲ್ಲಿ ಗಾಳಿಪಟ ಏರಿಸಲು ಮಕ್ಕಳು ಗಾಳಿಗೆದುರಾಗಿ ಓಡುವುದೂ ಇದೇ ಕಾರಣಕ್ಕೆ.

ಹೆಲಿಕಾಪ್ಟರಿನ ರೆಕ್ಕೆಯೇ ತಿರುಗುತ್ತದೆ. ಆದರೆ ರೆಕ್ಕೆಯನ್ನು ಒಂದು ಕಡೆಗೆ ತಿರುಗಿಸಿದರೆ ಒಡಲು ಇನ್ನೊಂದು ಕಡೆಗೆ ತಿರುಗಲು ನೋಡುತ್ತದೆ. ಅದನ್ನು ತಡೆಯಲು ಬಾಲದಲ್ಲಿ ಸಣ್ಣ ಫ್ಯಾನು. ಡ್ರೋನಿಗೆ ಬಾಲವೇ ಬೇಕಿಲ್ಲ. ಅದರ ನಾಲ್ಕು ಫ್ಯಾನುಗಳಲ್ಲಿ ಎರಡು ಬಲಕ್ಕೆ, ಎರಡು ಎಡಕ್ಕೆ ತಿರುಗಿ ಒಂದನ್ನೊಂದು ಸರಿದೂಗಿಸುತ್ತವೆ. ಹಿಂದಿನ ಎರಡರ ವೇಗ ಹೆಚ್ಚಿಸಿದರೆ ಡ್ರೋನ್ ಮುಂದಕ್ಕೆ ಬಾಗಿ ಮುಂದೆ ಹೋಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ತೋಟಕ್ಕೆ ಡ್ರೋನ್ ಬಂದಾಗ, ಸಾಕಷ್ಟು ದೂರದಲ್ಲಿ ನಿಂತು, ಅದು ತಿರುಗುವಾಗ ಬಾಗುವುದನ್ನು ಮಕ್ಕಳಿಗೆ ತೋರಿಸಿ. ಅದರ ಕೆಳಗೆ ಅಡಿಕೆ ಸೋಗೆಗಳು ಹೇಗೆ ಅಲ್ಲಾಡುತ್ತವೆ ನೋಡಿ, ಕೆಳಕ್ಕೆ ತಳ್ಳಿದ ಗಾಳಿ ಅದು. ಕಾರವಾರದಲ್ಲಿ ಮಾತ್ರ ನೌಕಾನೆಲೆಯ ಸುತ್ತಮುತ್ತ ಡ್ರೋನ್ ಹಾರಿಸುವಂತಿಲ್ಲ, ಆಟಿಕೆಯನ್ನೂ ಕೂಡ.

ಇಷ್ಟು ಅರ್ಥವಾದ ಮಗು ಒಂದು ದಿನ ಕೇಳಿಯೇ ಕೇಳುತ್ತದೆ: ಮೇಲೆ ಗಾಳಿಯೇ ಇಲ್ಲವಲ್ಲ, ಅಲ್ಲಿ ರಾಕೆಟ್ ಏನನ್ನು ತಳ್ಳುತ್ತದೆ? 1920ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಇದೇ ಪ್ರಶ್ನೆ ಎತ್ತಿ, ರಾಕೆಟ್ ವಿಜ್ಞಾನಿ ರಾಬರ್ಟ್ ಗೊಡಾರ್ಡ್ ಅವರಿಗೆ ಹೈಸ್ಕೂಲಿನ ಭೌತಶಾಸ್ತ್ರವೂ ಗೊತ್ತಿಲ್ಲ ಅಂತ ಹೀಯಾಳಿಸಿತ್ತು. ತಪ್ಪನ್ನು ಒಪ್ಪಿಕೊಂಡು ತಿದ್ದುಪಡಿ ಹಾಕಿದ್ದು 1969ರ ಜುಲೈ 17ರಂದು, ಅಪೋಲೋ 11 ಚಂದ್ರನತ್ತ ಹೊರಟ ಮರುದಿನ. ಬಲೂನಿಗೆ ಗಾಳಿ ತುಂಬಿ, ಕಟ್ಟದೆ ಕೈಬಿಟ್ಟರೆ ಮಗುವಿಗೆ ಉತ್ತರ ಸಿಗುತ್ತದೆ. ಬಲೂನು ತಳ್ಳುವುದು ತನ್ನೊಳಗೇ ಇದ್ದ ಗಾಳಿಯನ್ನು. ರಾಕೆಟ್ಟೂ ಹಾಗೆಯೇ, ಹಿಂದಕ್ಕೆ ತಳ್ಳಬೇಕಾದ್ದನ್ನೆಲ್ಲ ತಾನೇ ಹೊತ್ತುಕೊಂಡು ಹೊರಡುತ್ತದೆ. ಉರಿಯಲು ಬೇಕಾದ ಆಮ್ಲಜನಕವನ್ನೂ ಸೇರಿಸಿ. ಅದಕ್ಕೇ ಸುಮಾರು 320 ಟನ್ ತೂಕದ ನಮ್ಮ ಪಿಎಸ್‌ಎಲ್‌ವಿ ಭೂಮಿಯಿಂದ 600 ಕಿಲೋಮೀಟರ್ ಎತ್ತರದ ಕಕ್ಷೆಗೆ ಒಯ್ಯಬಲ್ಲ ಉಪಗ್ರಹದ ತೂಕ ಎರಡು ಟನ್ನಿಗಿಂತ ಕಡಿಮೆ.